ಸಾಕಿದವನ ಲೆಕ್ಕ

ಕೆಲವು ದಿನ ಊರಲ್ಲಿಲ್ಲದ ಯಜಮಾನ ಮನೆಗೆ ಮರಳಿದ್ದಾನೆ. ತಾನಿಲ್ಲದಾಗ ಏನೇನಾಯಿತು ಎಂದು ಹುಡುಗಿಯನ್ನು ವಿಚಾರಿಸುತ್ತಾನೆ. ಬೆಕ್ಕಿನ ಮರಿಯೊಂದು ಸತ್ತುಹೋದದ್ದನ್ನು ಅವಳು ಹೇಳುತ್ತಾಳೆ. ಮತ್ತೇನು ಮಾಡುತ್ತಿದ್ದೆ ಅಂದರೆ, ಆರು ಅಂಗಿ ಹೊಲಿದೆ, ಆರು ಕುಲಾವಿಯನ್ನೂ ಹೊಲಿದೆ ಅನ್ನುತ್ತಾಳೆ. ಹದಿಮೂರು ವರ್ಷ ಅವನು ಪಟ್ಟ ಶ್ರಮವೆಲ್ಲ ಈ ಉತ್ತರಕ್ಕಾಗಿಯೇ. ಅವಳ ಲೋಕದಲ್ಲಿ ಒಂದು ಬೆಕ್ಕಿನ ಮರಿ, ಹನ್ನೆರಡು ಬಟ್ಟೆ. ಅದರಾಚೆ ತಾನು, ತಾನೊಬ್ಬನೇ. ಅಷ್ಟಿದ್ದರೆ ಸಾಕಾಗಿತ್ತು ಅವನಿಗೆ. ಆದರೆ ದಾರಿಯಲ್ಲೇ ಇನ್ನೊಂದು ಸುದ್ದಿ ಅವನ ಕಿವಿಗೆ ಬಿದ್ದಾಗಿದೆ. ಅದಕ್ಕೇ ಕೇಳುತ್ತಿದ್ದಾನೆ, ಎದೆ ಹೊಡೆದುಕೊಳ್ಳುತ್ತಿರುವಾಗ ಮುಖದಲ್ಲಿ ಶಾಂತಿ ಇಟ್ಟುಕೊಂಡು.

ಇದು ಮೋಲಿಯೇರನ ‘ಹೆಂಡತಿಯರ ಶಾಲೆ’. ಪ್ಯಾರಿಸ್ಸಿನ ಪ್ಯಾಲೆ ರೊಯಾಲ್ ರಂಗಮಂದಿರದಲ್ಲಿ 1662ರ ಡಿಸೆಂಬರ್ 26ರಂದು ಮೊದಲ ಪ್ರಯೋಗ ಕಂಡ ಐದು ಅಂಕದ ಪದ್ಯನಾಟಕ. ಯಜಮಾನನ ಹೆಸರು ಆರ್ನಾಲ್ಫ್, ವಯಸ್ಸು ನಲವತ್ತೆರಡು. ಹುಡುಗಿ ಆನ್ಯೆಸ್. ಬಡ ಹಳ್ಳಿ ಹೆಂಗಸೊಬ್ಬಳ ಕೈಯಲ್ಲಿ ಬೆಳೆಯುತ್ತಿದ್ದ ಅವಳನ್ನು ನಾಲ್ಕು ವರ್ಷದವಳಿದ್ದಾಗಲೇ ನೋಡಿ, ತನ್ನ ಭಾವೀ ಹೆಂಡತಿ ಎಂದು ಗೊತ್ತುಮಾಡಿಕೊಂಡು ಕರೆತಂದವನು ಆರ್ನಾಲ್ಫ್. ಜನಸಂಪರ್ಕವಿಲ್ಲದ ಕಾನ್ವೆಂಟಿನಲ್ಲಿ ಇರಿಸಿದ. ಸಾಧ್ಯವಾದಷ್ಟೂ ಪೆದ್ದಿಯಾಗಿ ಬೆಳೆಸಿ ಎಂದು ಅಲ್ಲಿಯವರಿಗೆ ತಾಕೀತು ಮಾಡಿದ. ಈಗ ಬೇರೊಂದು ಮನೆಯಲ್ಲಿಟ್ಟು, ಅವಳಷ್ಟೇ ಮುಗ್ಧರಾದ ಇಬ್ಬರು ಆಳುಗಳನ್ನು ಕಾವಲಿಗೆ ಬಿಟ್ಟಿದ್ದಾನೆ. ನಾಳೆ ಮದುವೆ.

ಇಷ್ಟೆಲ್ಲ ಏಕೆ? ಆರ್ನಾಲ್ಫ್ ಕ್ರೂರಿ ಎಂದು ಹೇಳಿ ಮುಗಿಸುವುದು ಸುಲಭ. ನನಗೆ ಕಾಣುವುದು ಬೇರೆ. ಅವನು ಹೆದರಿದ ಮನುಷ್ಯ. ಆಯುಷ್ಯವಿಡೀ ಊರಿನ ಗಂಡಂದಿರನ್ನು ನೋಡಿ ನಕ್ಕವನು. ಯಾರ ಹೆಂಡತಿ ಯಾರ ಜೊತೆ ಎಂಬ ಕತೆಗಳನ್ನು ಕೂಡಿಟ್ಟು, ಹೇಳಿಕೊಂಡು ತಿರುಗಿದವನು. ಆ ನಗು ಒಂದು ದಿನ ತನ್ನ ಹೊಸಿಲಿಗೂ ಬಂದೀತು ಎಂಬ ದಿಗಿಲು ಅವನ ನಿದ್ದೆ ತಿಂದಿದೆ. ನೀನು ಇಷ್ಟು ನಗಬೇಡ, ನಿನ್ನ ಕಾಲ ಬಂದಾಗ ಜನ ಬಿಡುವುದಿಲ್ಲ ಎಂದು ಗೆಳೆಯ ಕ್ರಿಸಾಲ್ಡ್ ಮೊದಲ ದೃಶ್ಯದಲ್ಲೇ ಎಚ್ಚರಿಸುತ್ತಾನೆ. ಇನ್ನೊಬ್ಬರನ್ನು ಅಂಕೆಯಲ್ಲಿಡುವ ಹಟದ ತಳ ಕೆದಕಿದರೆ ಬಹಳ ಸಲ ಸಿಗುವುದು ಬಲವಲ್ಲ, ಇಂಥದೊಂದು ದಿಗಿಲು. ನಾಲ್ಕು ಜನ ಏನೆಂದಾರು ಎಂಬ ಒಂದೇ ಮಾತಿಗೆ ಎಷ್ಟು ಮನೆಗಳಲ್ಲಿ ಎಷ್ಟು ಕಿಟಕಿಗಳು ಮುಚ್ಚಿಕೊಂಡಿಲ್ಲ!

ನಾಟಕದ ಕಟ್ಟಡ ಇರುವುದು ಒಂದು ವಿಚಿತ್ರ ಏರ್ಪಾಡಿನ ಮೇಲೆ. ಹುಡುಗಿಯನ್ನು ಮೆಚ್ಚಿರುವ ಓರಾಸ್ ಎಂಬ ತರುಣ ಆರ್ನಾಲ್ಫನ ಗೆಳೆಯನ ಮಗ. ಆರ್ನಾಲ್ಫ್ ಈಚೆಗೆ ದೊಡ್ಡಸ್ತಿಕೆಗಾಗಿ ದ ಲಾ ಸೂಶ್ ಎಂಬ ಇನ್ನೊಂದು ಹೆಸರಿಟ್ಟುಕೊಂಡಿದ್ದಾನೆ. ಆನ್ಯೆಸಳನ್ನು ಕೂಡಿಹಾಕಿರುವ ಆ ದ ಲಾ ಸೂಶ್ ಇವನೇ ಎಂದು ಓರಾಸನಿಗೆ ತಿಳಿಯದು. ಹೀಗಾಗಿ ಅವನು ತನ್ನ ಒಂದೊಂದು ಹೆಜ್ಜೆಯನ್ನೂ ನೇರವಾಗಿ ಆರ್ನಾಲ್ಫನ ಬಳಿಗೇ ಬಂದು ಹೇಳಿಕೊಳ್ಳುತ್ತಾನೆ. ಹುಡುಗಿಯನ್ನು ಕಂಡದ್ದು, ಅವಳು ಒಲಿದದ್ದು, ರಾತ್ರಿ ಏಣಿ ಹಾಕಿ ಹತ್ತಬೇಕೆಂದಿರುವುದು, ಎಲ್ಲ. ಖರ್ಚಿಗೆಂದು ಅವನು ಪಡೆಯುವ ನೂರು ಪಿಸ್ತೋಲ್ ಹಣ ಕೂಡ ಆರ್ನಾಲ್ಫನದೇ.

ಈ ಏರ್ಪಾಡನ್ನು ಬರೀ ನಗಿಸುವ ತಂತ್ರವೆಂದು ಬಹಳ ದಿನ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಕಾವಲು ಕಾಯುವವನೊಬ್ಬ ಏನನ್ನು ಬಯಸಬಹುದೋ ಅದನ್ನೆಲ್ಲ ಮೋಲಿಯೇರ್ ಆರ್ನಾಲ್ಫನಿಗೆ ಕೊಟ್ಟಿದ್ದಾನೆ. ಗೋಡೆ, ಬೀಗ, ಆಳು, ಹಣ, ವಯಸ್ಸು, ಅಧಿಕಾರ. ಇವುಗಳ ಮೇಲೆ ವೈರಿಯ ಯೋಜನೆಯ ಪೂರ್ತಿ ವರದಿ, ಅದೂ ವೈರಿಯ ಬಾಯಿಂದಲೇ, ದಿನಕ್ಕೆರಡು ಸಲ. ಇಷ್ಟಿದ್ದೂ ಅವನು ಸೋಲುತ್ತಾನೆ. ಗೊತ್ತಿರುವುದು ಬೇರೆ, ಕೈಯಲ್ಲಿರುವುದು ಬೇರೆ.

ನನ್ನ ಮಗಳು ಎರಡನೇ ಪಿಯುಸಿಯಲ್ಲಿದ್ದಾಗ ಅವಳ ಫೋನು ಎಲ್ಲಿದೆಯೆಂದು ನನ್ನ ಫೋನಿನಲ್ಲಿ ಕಾಣುವಂತೆ ಮಾಡಿಟ್ಟುಕೊಂಡಿದ್ದೆ. ಒಂದು ಸಂಜೆ ಆ ನೀಲಿ ಚುಕ್ಕೆ ನಮ್ಮ ಮನೆಗೆ ಎರಡು ನಿಲ್ದಾಣ ಹಿಂದೆ, ಬಸ್ ಸ್ಟಾಪಿನಲ್ಲಿ, ನಲವತ್ತು ನಿಮಿಷ ಅಲುಗಾಡದೆ ನಿಂತಿತು. ನಾನು ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಬಾಗಿಲಿಗೆ ಓಡಾಡಿದೆ. ಯಾರ ಜೊತೆ ಇದ್ದಾಳೆ ಎಂಬುದೊಂದೇ ಯೋಚನೆ. ಅವಳು ಯಾರ ಜೊತೆಗೂ ಇರಲಿಲ್ಲ. ಟೆಸ್ಟಿನಲ್ಲಿ ಕಡಿಮೆ ಅಂಕ ಬಂದಿತ್ತು. ಮನೆಗೆ ಬರಲು ಹೆದರಿ, ಬಂದ ಬಸ್ಸುಗಳನ್ನೆಲ್ಲ ಬಿಟ್ಟು ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಅದನ್ನು ಅವಳು ನನಗೆ ಹೇಳಿದ್ದು ಎರಡು ವರ್ಷದ ಮೇಲೆ. ಅವಳು ಎಲ್ಲಿದ್ದಾಳೆಂದು ಅಂಗುಲ ಅಂಗುಲವೂ ತಿಳಿದಿದ್ದ ಆ ನಲವತ್ತು ನಿಮಿಷ, ಅವಳು ಹೆದರಿ ಕೂತಿದ್ದು ನನಗೇ ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ಆರ್ನಾಲ್ಫನ ವಿಷಯ ಬರೆಯಲು ನನಗಿರುವ ಅಧಿಕಾರ ಇಷ್ಟೇ.

ಆನ್ಯೆಸಳ ಕತೆ ಶುರುವಾಗುವುದು ಒಂದು ನಮಸ್ಕಾರದಿಂದ. ಅವಳು ಮಹಡಿಯ ಮೊಗಸಾಲೆಯಲ್ಲಿ ಹೊಲಿಗೆ ಹಿಡಿದು ಕೂತಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ತರುಣ ತಲೆಬಾಗಿ ವಂದಿಸಿದ. ಮರ್ಯಾದೆಗೆ ಅವಳೂ ವಂದಿಸಿದಳು. ಅವನು ಮತ್ತೆ ಬಂದು ವಂದಿಸಿದ, ಅವಳೂ ಮತ್ತೆ. ವಿನಯದಲ್ಲಿ ತಾನು ಕಡಿಮೆಯಾಗಬಾರದು ಎಂಬ ಕಾಳಜಿ ಅವಳದು. ಕತ್ತಲಾಗದಿದ್ದರೆ ಇನ್ನೂ ನಡೆಯುತ್ತಿತ್ತು. ಮರುದಿನ ಮುದುಕಿಯೊಬ್ಬಳು ಬಂದು, ನಿನ್ನ ಕಣ್ಣಿನಿಂದ ಆ ಹುಡುಗನಿಗೆ ಗಾಯವಾಗಿದೆ ಅಂದಾಗ ಆನ್ಯೆಸ್ ನಿಜವಾಗಿಯೂ ಗಾಬರಿಯಾಗುತ್ತಾಳೆ. ನೋವು ಕೊಟ್ಟವಳು ತಾನಾದಮೇಲೆ ವಾಸಿ ಮಾಡಬೇಕಾದವಳೂ ತಾನೇ ತಾನೆ? ಇದನ್ನೆಲ್ಲ ಒಂದಿಷ್ಟೂ ಮುಚ್ಚಿಡದೆ ಅವಳೇ ಆರ್ನಾಲ್ಫನಿಗೆ ಹೇಳುತ್ತಾಳೆ. ಅವನು ಅವಳಿಗೆ ಸುಳ್ಳು ಕಲಿಸಿರಲಿಲ್ಲ; ಜೊತೆಗೇ ಅನುಮಾನವನ್ನೂ ಕಲಿಸಿರಲಿಲ್ಲ. ರಕ್ಷಣೆಗೆಂದು ಕಟ್ಟಿದ ಅಜ್ಞಾನವೇ ಬಾಗಿಲಾಯಿತು. ಓರಾಸ್ ಒಳ್ಳೆಯವನಾಗಿದ್ದದ್ದು ಅವಳ ಪುಣ್ಯ. ಅವನ ಜಾಗದಲ್ಲಿ ಬೇರೆ ಯಾರೇ ಇದ್ದಿದ್ದರೂ ಆ ಮಗುವಿಗೆ ತಿಳಿಯುತ್ತಿರಲಿಲ್ಲ ಎಂಬುದನ್ನು ನೆನೆದರೆ ನಗು ಗಂಟಲಲ್ಲೇ ನಿಲ್ಲುತ್ತದೆ.

ಆಮೇಲೆ ಆರ್ನಾಲ್ಫನ ಉಪದೇಶ. ಗಂಡಸಿನ ಮೇಲುಗೈ, ಹೆಂಗಸಿನ ವಿಧೇಯತೆ, ದಾರಿ ತಪ್ಪಿದ ಹೆಂಡತಿಯರಿಗೆ ನರಕದಲ್ಲಿ ಕುದಿಯುತ್ತಿರುವ ಕೊಪ್ಪರಿಗೆ. ವಿವಾಹ ಸೂತ್ರಗಳ ಪುಸ್ತಕವೊಂದನ್ನು ಕೊಟ್ಟು ಗಟ್ಟಿಯಾಗಿ ಓದಿಸುತ್ತಾನೆ; ಹತ್ತು ಮುಗಿದು ಹನ್ನೊಂದಕ್ಕೆ ಬರುವ ಹೊತ್ತಿಗೆ, ಉಳಿದದ್ದನ್ನು ಆಮೇಲೆ ವಿವರಿಸುವೆನೆಂದು ನಿಲ್ಲಿಸುತ್ತಾನೆ. ಈ ಉಪದೇಶದ ದೃಶ್ಯಕ್ಕಾಗಿ ಮೋಲಿಯೇರನ ಮೇಲೆ ಧರ್ಮನಿಂದೆಯ ಆರೋಪ ಬಂತು. ಅವನು 1663ರಲ್ಲಿ ಎರಡು ಚಿಕ್ಕ ನಾಟಕಗಳನ್ನೇ ಬರೆದು ಅದಕ್ಕೆಲ್ಲ ಉತ್ತರ ಕೊಟ್ಟ.

ನನಗೆ ಮುಖ್ಯವಾದದ್ದು ಕಲ್ಲು. ಮತ್ತೆ ಆ ಹುಡುಗ ಬಂದರೆ ಕಿಟಕಿಯಿಂದ ಕಲ್ಲು ಬೀರು ಎಂದು ಆರ್ನಾಲ್ಫ್ ಅಪ್ಪಣೆ ಮಾಡುತ್ತಾನೆ. ಅವಳು ಬೀರುತ್ತಾಳೆ. ಅಪ್ಪಣೆ ಅಕ್ಷರಶಃ ನಡೆದಿದೆ. ಆದರೆ ಕಲ್ಲಿನ ಜೊತೆಗೊಂದು ಕಾಗದವಿದೆ. ಇಡೀ ನಾಟಕ ಪ್ರಾಸಬದ್ಧ ಪದ್ಯದಲ್ಲಿ ನಡೆಯುತ್ತಿರುವಾಗ ಆನ್ಯೆಸಳ ಕಾಗದ ಮಾತ್ರ ಗದ್ಯದಲ್ಲಿದೆ. ಅದನ್ನು ಓರಾಸ್ ಓದಿ ತೋರಿಸುವುದು ಆರ್ನಾಲ್ಫನಿಗೇ. ತನ್ನನ್ನು ಇಲ್ಲಿಯವರೆಗೆ ತಿಳಿವಳಿಕೆಯಿಲ್ಲದೆ ಇರಿಸಿದ್ದಾರೆಂದು ಈಗೀಗ ಅರಿವಾಗುತ್ತಿದೆ, ಹೇಳಬಾರದ್ದನ್ನು ಹೇಳಿಬಿಟ್ಟೇನೇ ಎಂದು ಭಯವಾಗುತ್ತಿದೆ, ಎಲ್ಲ ಹುಡುಗರೂ ಮೋಸಗಾರರು ಅನ್ನುತ್ತಾರೆ, ನೀನು ಹಾಗಲ್ಲ ತಾನೆ, ನಿಜ ಹೇಳು ಎಂಬ ಅರ್ಥದ ತಡವರಿಸುವ ವಾಕ್ಯಗಳು. ಹದಿಮೂರು ವರ್ಷ ಬೇರೆಯವರ ಮಾತು ಒಪ್ಪಿಸಿದ ಹುಡುಗಿ ತನ್ನ ಮಾತನ್ನು ಮೊದಲ ಸಲ ಹುಡುಕಿಕೊಳ್ಳುತ್ತಿದ್ದಾಳೆ. ಅದಕ್ಕೆ ಪ್ರಾಸ ಎಲ್ಲಿಂದ ಬರಬೇಕು? ಅಕ್ಷರ ಕಲಿತದ್ದೇ ಕೇಡಾಯಿತು, ಅದು ತನ್ನ ಇಷ್ಟಕ್ಕೆ ವಿರುದ್ಧವಾಗಿ ನಡೆದದ್ದು ಎಂದು ಆರ್ನಾಲ್ಫ್ ಒಳಗೊಳಗೇ ಉರಿಯುತ್ತಾನೆ.

ಕೊನೆಯ ಅಂಕದಲ್ಲಿ ಇಬ್ಬರೂ ಮುಖಾಮುಖಿಯಾಗುತ್ತಾರೆ. ಅಲ್ಲಿ ಆರ್ನಾಲ್ಫ್ ಎತ್ತುವ ಅಸ್ತ್ರ ನಮ್ಮ ಮನೆಗಳಲ್ಲಿ ಪ್ರತಿಯೊಬ್ಬರೂ ಕೇಳಿರುವಂಥದು. ಇಷ್ಟು ವರ್ಷ ಸಾಕಿದೆನಲ್ಲ, ಆ ಋಣ ಎಲ್ಲಿ ಹೋಯಿತು? ಆನ್ಯೆಸ್ ಕೂಗಾಡುವುದಿಲ್ಲ. ಖರ್ಚಿನ ಮಾತಾದರೆ ಓರಾಸ್ ಕಡೆಯ ಕಾಸಿನವರೆಗೂ ತೀರಿಸುತ್ತಾನೆ ಅನ್ನುತ್ತಾಳೆ. ಸಾಕಿದ ಮಾತಾದರೆ, ನೀವು ನನಗೆ ಎಷ್ಟು ಚೆನ್ನಾಗಿ ಕಲಿಸಿದ್ದೀರಿ ಎಂದು ನನಗೇ ಗೊತ್ತು. ನಾನು ದಡ್ಡಿ ಎಂಬುದು ನನಗೆ ತಿಳಿಯದೆಂದುಕೊಂಡಿರಾ, ನನಗೇ ನಾಚಿಕೆಯಾಗುತ್ತದೆ, ಈ ವಯಸ್ಸಿನಲ್ಲಿ ಇನ್ನು ಹೀಗಿರಲಾರೆ ಎಂಬಂತೆ ಉತ್ತರಿಸುತ್ತಾಳೆ.

ಈ ಉತ್ತರದ ಮುಂದೆ ನಾನು ಬಹಳ ಹೊತ್ತು ನಿಲ್ಲುತ್ತೇನೆ. ಕನ್ನಡದಲ್ಲಿ ‘ಸಾಕು’ ಅಂದರೆ ಪೋಷಿಸು. ‘ಸಾಕು’ ಅಂದರೆ ಇಷ್ಟಕ್ಕೆ ಮುಗಿಯಿತು, ಇನ್ನು ಬೇಡ. ಎರಡೂ ಒಂದೇ ಬೇರಿನವೋ ಅಲ್ಲವೋ ವಿದ್ವಾಂಸರು ಹೇಳಲಿ. ಬಾಯಲ್ಲಿ ಎರಡೂ ಒಂದೇ ಸದ್ದು. ಸಾಕುವುದಕ್ಕೆ ಒಂದು ಸಾಕು ಇದೆ. ಮಗು ನಡೆಯಲು ಕಲಿತ ದಿನ ಬೆರಳು ಬಿಡಿಸಿಕೊಳ್ಳುತ್ತದೆ, ನಾವು ಬಿಡುತ್ತೇವೆ, ಸಾಕಿದ್ದು ಅಲ್ಲಿಗೆ ಸಾರ್ಥಕ. ಆರ್ನಾಲ್ಫ್ ಸಾಕಿದ್ದು ಹಾಗಲ್ಲ. ಹೂಡಿಕೆಯಂತೆ ಸಾಕಿದ. ಊಟ, ಬಟ್ಟೆ, ಕಾನ್ವೆಂಟಿನ ಖರ್ಚು, ಎಲ್ಲ ಅವನ ಖಾತೆಯಲ್ಲಿ ಬರೆದಿದೆ. ಆ ಕಡೆಯ ಕಾಲಮ್ಮಿನಲ್ಲಿ ಬರಬೇಕಾದದ್ದು ಅವಳ ಪ್ರೀತಿ. ಸಾಕುವುದರೊಳಗೆ ಲೆಕ್ಕ ಹೊಕ್ಕ ಗಳಿಗೆಯಿಂದ ಅದು ಹತೋಟಿಯಾಗುತ್ತದೆ. ಇದನ್ನು ಅವಳು ಅವನಿಗಿಂತ ಮೊದಲೇ ಕಂಡುಕೊಂಡಿದ್ದಾಳೆ. ಅದಕ್ಕೇ ಅವನು ಋಣ ಎಂದಾಗ ಅವಳು ಕಾಸು ಎಂದಳು. ಲೆಕ್ಕವೇ ಆದರೆ ಚುಕ್ತಾ ಮಾಡಬಹುದು. ಹಾಗಾದರೆ ಪ್ರೀತಿ ಯಾಕಿಲ್ಲ ಎಂದು ಅವನು ಕೇಳಿದಾಗ, ಪ್ರೀತಿ ಬರುವ ಹಾಗೆ ನೀವು ನಡೆದುಕೊಳ್ಳಬಹುದಿತ್ತು, ನಾನೇನೂ ಅಡ್ಡ ಬಂದಿರಲಿಲ್ಲವಲ್ಲ ಎನ್ನುತ್ತಾಳೆ. ಅವಳ ದನಿಯಲ್ಲಿ ಕುಹಕವಿಲ್ಲ, ಇದ್ದದ್ದನ್ನು ಇದ್ದಂತೆ ಹೇಳುವುದು ಬಿಟ್ಟು ಬೇರೆ ಅವಳಿಗೆ ಬರುವುದಿಲ್ಲ.

ಆಗ ಆರ್ನಾಲ್ಫ್ ಮುರಿದು ಬೀಳುತ್ತಾನೆ. ಅಳಲೇ, ನನ್ನನ್ನು ನಾನೇ ಹೊಡೆದುಕೊಳ್ಳಲೇ, ಕೂದಲು ಕಿತ್ತುಕೊಳ್ಳಲೇ ಎಂದು ಬೇಡುತ್ತಾನೆ. ಮದುವೆಯಾದ ಮೇಲೆ ನಿನಗೆ ತೋಚಿದಂತೆ ಇರು ಎಂದೂ ಹೇಳಿಬಿಡುತ್ತಾನೆ! ಯಾವುದನ್ನು ತಡೆಯಲು ಒಂದು ಮಗುವಿನ ಬಾಲ್ಯವನ್ನೇ ಮುಚ್ಚಿಹಾಕಿದನೋ ಅದನ್ನೇ ಈಗ ಅವಳ ಪಾದಕ್ಕಿಡುತ್ತಿದ್ದಾನೆ. ಅವನಿಗೆ ನಿಜಕ್ಕೂ ಪ್ರೀತಿ ಹುಟ್ಟಿದೆ. ಹುಟ್ಟಿದ್ದು ತಾನು ಮಾಡಿದ ಗೊಂಬೆಯ ಮೇಲಲ್ಲ, ತನ್ನ ಕೈಮೀರಿ ಮಾತಾಡುತ್ತಿರುವ ಈ ಹೆಣ್ಣಿನ ಮೇಲೆ. ನಿಮ್ಮ ಇಷ್ಟೆಲ್ಲ ಮಾತು ನನ್ನ ಮನಸ್ಸನ್ನು ತಟ್ಟುವುದಿಲ್ಲ, ಓರಾಸನ ಎರಡು ಮಾತು ತಟ್ಟುತ್ತದೆ ಎನ್ನುತ್ತಾಳೆ ಅವಳು.

ಆರ್ನಾಲ್ಫನ ಪಾತ್ರವನ್ನು ರಂಗದ ಮೇಲೆ ಮಾಡಿದವನು ಮೋಲಿಯೇರನೇ. ಅದೇ 1662ರ ಫೆಬ್ರುವರಿಯಲ್ಲಿ, ನಲವತ್ತರ ಅವನು, ತನಗಿಂತ ಸುಮಾರು ಇಪ್ಪತ್ತು ವರ್ಷ ಚಿಕ್ಕವಳಾದ ಆರ್ಮಾಂದ್ ಬೆಜಾರಳನ್ನು ಮದುವೆಯಾಗಿದ್ದ. ಇದರಿಂದ ನಾಟಕ ಅವನ ಆತ್ಮಕತೆ ಎಂದು ತೀರ್ಮಾನಿಸುವುದು ಸಲ್ಲದು. ಆದರೆ ಆರ್ನಾಲ್ಫನ ಸಂಕಟವನ್ನು ಹೊರಗೆ ನಿಂತು ನೋಡಿದವನ ಬರಹ ಇದಲ್ಲ. ಎ.ಎನ್. ಮೂರ್ತಿರಾಯರು ಇದೇ ನಾಟಕಕಾರನ ‘ತಾರ್ತ್ಯೂಫ್’ ಅನ್ನು ‘ಆಷಾಢಭೂತಿ’ಯಾಗಿ ಕನ್ನಡಕ್ಕೆ ತಂದರು. ಆ ಕಪಟಿ ನಮಗೆ ಗುರುತಿನವನಾದ, ಅವನನ್ನು ನೋಡಿ ನಗುವುದೂ ಸಲೀಸು. ಆರ್ನಾಲ್ಫ್ ಕಪಟಿಯಲ್ಲ. ತಾನು ಮಾಡುತ್ತಿರುವುದು ಒಳ್ಳೆಯದೆಂದೇ ನಂಬಿದವನು. ಅವನು ನಮಗೆ ಇನ್ನಷ್ಟು ಹತ್ತಿರದವನು.

ನಾಟಕದಲ್ಲಷ್ಟೇ ಇಂಥದು ನಡೆಯುತ್ತದೆ ಎಂದುಕೊಳ್ಳುವ ಹಾಗಿಲ್ಲ. ನೂರು ವರ್ಷದ ಮೇಲೆ, 1769ರಲ್ಲಿ, ಇಂಗ್ಲೆಂಡಿನ ಥಾಮಸ್ ಡೇ ಎಂಬ ಲೇಖಕ ಅನಾಥಾಲಯಗಳಿಂದ ಇಬ್ಬರು ಹುಡುಗಿಯರನ್ನು ಕರೆತಂದ, ಇಬ್ಬರಲ್ಲೊಬ್ಬಳನ್ನು ತನಗೆ ತಕ್ಕ ಹೆಂಡತಿಯಾಗಿ ತಿದ್ದಿ ಬೆಳೆಸಲೆಂದು. ಅವನು ರೂಸೋನ ಭಕ್ತ, ಗುಲಾಮಗಿರಿಯ ವಿರುದ್ಧ ಬರೆದವನು. ಇಬ್ಬರಲ್ಲಿ ಯಾರೂ ಅವನ ಹೆಂಡತಿಯಾಗಲಿಲ್ಲ. ಗುಲಾಮಗಿರಿ ಕಂಡ ಕಣ್ಣಿಗೆ ತನ್ನ ಮನೆಯೊಳಗಿನದು ಕಾಣಲಿಲ್ಲ.

ನಾಟಕದ ಮುಕ್ತಾಯ ಶುಭವೇ. ಅಮೆರಿಕದಿಂದ ಎನ್ರೀಕ್ ಎಂಬ ಶ್ರೀಮಂತ ಬರುತ್ತಾನೆ. ಓರಾಸನ ತಂದೆ ಮಗನಿಗೆ ಅವನ ಮಗಳನ್ನು ಗೊತ್ತುಮಾಡಿದ್ದಾನೆ. ಆ ಮಗಳು, ಎಂದೋ ಹಳ್ಳಿ ಹೆಂಗಸಿನ ಕೈಗೊಪ್ಪಿಸಿ ಹೋದ ಕೂಸು, ಆನ್ಯೆಸಳೇ ಎಂದು ತಿಳಿಯುತ್ತದೆ. ಇಷ್ಟಪಟ್ಟವನಿಗೂ ಹಿರಿಯರು ಗೊತ್ತುಮಾಡಿದವನಿಗೂ ವ್ಯತ್ಯಾಸವಿಲ್ಲದೆ ಹೋಗುತ್ತದೆ. ಅಷ್ಟು ಭಾಷಣ ಮಾಡಿದ ಆರ್ನಾಲ್ಫ್ ಮಾತು ಹೊರಡದೆ, ಒಂದು ಉದ್ಗಾರ ಬಿಟ್ಟು ಹೊರನಡೆಯುತ್ತಾನೆ. ಉಳಿದವರು ಸಂಭ್ರಮಿಸುತ್ತಾರೆ.

ಸ್ವಲ್ಪ ಹಿಂದೆ ಹೋಗಬೇಕು. ಗುರುತು ಸಿಕ್ಕುವ ಮೊದಲು, ಆರ್ನಾಲ್ಫ್ ಅವಳನ್ನು ಎಳೆದುಕೊಂಡು ಹೊರಟಾಗ, ಅವಳು ಓರಾಸನ ಕಡೆ ತಿರುಗಿ, ನನ್ನನ್ನು ಹೀಗೆ ಕರೆದೊಯ್ಯಲು ಬಿಡುತ್ತೀಯಾ ಎಂದು ಕೇಳುತ್ತಾಳೆ. ದುಃಖದಲ್ಲಿ ತನಗೇನೂ ತೋಚುತ್ತಿಲ್ಲ ಎನ್ನುತ್ತಾನೆ ಆ ಹುಡುಗ. ಆರ್ನಾಲ್ಫ್ ಮತ್ತೆ ಗದರುತ್ತಾನೆ. ಆಗ ಆನ್ಯೆಸ್, ಯಾರ ಆಸರೆಯೂ ಇಲ್ಲದೆ, ತಾನು ಇಲ್ಲೇ ಇರುವುದಾಗಿ ಹೇಳುತ್ತಾಳೆ. ನಾಟಕದಲ್ಲಿ ಅವಳ ಕೊನೆಯ ಮಾತು ಅದು. ಆಮೇಲೆ ಅವಳ ತಾಯಿಯ ಬಗ್ಗೆ, ಅವಳ ಹುಟ್ಟಿನ ಬಗ್ಗೆ, ಅವಳ ಮದುವೆಯ ಬಗ್ಗೆ ಗಂಡಸರು ಮಾತಾಡುತ್ತಾರೆ. ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಅವಳು ನಿಂತಲ್ಲೇ ನಿಂತಿರುತ್ತಾಳೆ.