ಕಾಣದ ಪಾದ

ಕಿರುತೆರೆಯ ಧಾರಾವಾಹಿಗಳಲ್ಲಿ ಪಾದಗಳಿಗೆ ಕೆಲಸ ಕಡಿಮೆ. ಕ್ಯಾಮೆರಾ ಅರಸುವುದು ಮುಖವನ್ನು. ಹುಬ್ಬು ಮೇಲೇರಿದರೆ ಸಾಕು, ದೃಷ್ಟಿ ಓರೆಯಾದರೆ ಸಾಕು, ಒಂದು ಸಂಚಿಕೆಯೇ ಮುಗಿದೀತು. 2001ರಲ್ಲಿ ಆರಂಭವಾದ ‘ಕಹೀಂ ಕಿಸೀ ರೋಜ್’ ಹಿಂದಿ ಧಾರಾವಾಹಿಯ ರಮೋಲಾ ಸಿಕಂದ್ ಪಾತ್ರ ಎಂದೊಡನೆ ನೆನಪಾಗುವುದು ಆ ತೀಕ್ಷ್ಣ ನೋಟ, ಹಣೆಯ ಮೇಲಿನ ಚಿತ್ರವಿಚಿತ್ರ ಬೊಟ್ಟು. ಆ ಪಾತ್ರವನ್ನು ಧರಿಸಿದ ಸುಧಾ ಚಂದ್ರನ್ ಅವರ ಬದುಕಿನ ದೊಡ್ಡ ಹೋರಾಟ ನಡೆದದ್ದಾದರೋ ಪಾದಕ್ಕಾಗಿ.

1981ರಲ್ಲಿ ತಿರುಚಿರಾಪಳ್ಳಿಯ ಸಮೀಪ ಅವರಿದ್ದ ಬಸ್ ಅಪಘಾತಕ್ಕೀಡಾಯಿತು. ಎಳವೆಯಿಂದಲೇ ಭರತನಾಟ್ಯ ಕಲಿತಿದ್ದ ಹುಡುಗಿ. ಗಾಯ ಕೊಳೆತು, ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಆಸರೆಯಾದದ್ದು ಜೈಪುರದ ಕೃತಕ ಕಾಲು. ವೈದ್ಯ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಕೂಡಿ ರೂಪಿಸಿದ ಆ ರಬ್ಬರಿನ ಪಾದ, ಬರಿಗಾಲಲ್ಲಿ ನಡೆಯುವ, ನೆಲದ ಮೇಲೆ ಕೂರುವ ಜನರಿಗೆಂದೇ ಹುಟ್ಟಿದ್ದು. ಬರಿಗಾಲಿನ ಕಲೆಗೂ ಅದು ಒದಗಿತು. ಆದರೆ ಪಾದದಿಂದ ನೆಲ ತಟ್ಟುವ ತಟ್ಟಡವು ರಬ್ಬರಿಗೆ ತಾನಾಗಿ ಬರುವುದಿಲ್ಲ. ನೆಲದ ಸ್ಪರ್ಶವೇ ಅರಿಯದ ಪಾದವನ್ನು ತಾಳಕ್ಕೆ ಒಗ್ಗಿಸುವುದೆಂದರೆ, ಬಲ್ಲ ವಿದ್ಯೆಯನ್ನೇ ಬುಡದಿಂದ ಕಲಿಯುವುದು. 1984ರಲ್ಲಿ ಅವರು ಮುಂಬಯಿಯಲ್ಲಿ ಮತ್ತೆ ರಂಗವೇರಿದರು. ಸಿಂಗೀತಂ ಶ್ರೀನಿವಾಸ ರಾವ್ ಆ ಕಥೆಯನ್ನು ತೆಲುಗಿನಲ್ಲಿ ‘ಮಯೂರಿ’ ಚಿತ್ರವಾಗಿಸಿದರು. ನಾಯಕಿ ಸ್ವತಃ ಸುಧಾ.

ನಾವು ಹೇಳುವ ಕಥೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಪವಾಡ ನಮಗೆ ಪ್ರಿಯ. ಪವಾಡದ ಮರುದಿನದಲ್ಲಿ ಅಷ್ಟು ಆಸಕ್ತಿಯಿಲ್ಲ. ಇಲ್ಲಿ ಆ ಮರುದಿನವೇ ದಶಕಗಳಷ್ಟು ದೀರ್ಘ. ಅದರಲ್ಲಿ ನಿತ್ಯದ ಚಿತ್ರೀಕರಣವಿತ್ತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಪ್ರತಿ ಸಲವೂ ಕೃತಕ ಕಾಲನ್ನು ಕಳಚಬೇಕಾದ ಸಂಕಟವಿತ್ತು. 2021ರಲ್ಲಿ ಅವರೇ ಅದನ್ನು ಬಹಿರಂಗವಾಗಿ ತೋಡಿಕೊಂಡರು. ನೃತ್ಯಕ್ಕೆಂದು ಕಾಲನ್ನು ಮರಳಿ ಸಂಪಾದಿಸಿದವರಿಗೆ ಮನೆಮನೆಯ ಪರಿಚಯ ದೊರೆತದ್ದು ಕಾಲು ಕಾಣದ ತೆರೆಯಲ್ಲಿ. ವಿಪರ್ಯಾಸ ಎಂದು ಮನಸ್ಸು ತಟ್ಟನೆ ತೀರ್ಪು ಕೊಡುತ್ತದೆ. ಕೊಂಚ ತಾಳಿದರೆ ಹಾಗೆನಿಸದು.

ನಾಟ್ಯಗ್ರಂಥ ‘ಅಭಿನಯದರ್ಪಣ’ ಎಂಟು ದೃಷ್ಟಿಭೇದಗಳನ್ನು ಹೇಳುತ್ತದೆ. ತಲೆ ಅಲುಗದೆ ಕಣ್ಣಂಚಿನಿಂದ ನೋಡುವ ಸಾಚೀ ಅವುಗಳಲ್ಲೊಂದು. ಅದನ್ನು ಅಭ್ಯಸಿಸುವ ಬಾಲೆ, ಮುಂದೊಂದು ದಿನ ಈ ನೋಟದಲ್ಲಿ ರಾಧೆಯ ಲಜ್ಜೆಯನ್ನು ತೋರುವೆನೆಂದು ನಂಬಿರುತ್ತಾಳೆ. ಖಳನಾಯಕಿಯ ಹೊಂಚನ್ನು ತೋರಬೇಕಾದೀತೆಂದು ಎಣಿಸಿರುವುದಿಲ್ಲ. ರಸ ಬದಲಾಯಿತು, ಸಾಧನೆ ಬದಲಾಗಲಿಲ್ಲ. ಗೆಜ್ಜೆ ಕಟ್ಟದ ದಿನವೂ ಗೆಜ್ಜೆಯ ಶಿಸ್ತು ಕಣ್ಣಿನಲ್ಲಿ ದುಡಿಯಿತು.

ನಾವೆಲ್ಲ ಕಲಿಯುವಾಗಲೇ ಫಲದ ಸ್ಥಳವನ್ನೂ ಗುರುತು ಹಾಕಿಕೊಳ್ಳುವವರು. ಅಲ್ಲಿ ಅದು ಕಾಣದಿದ್ದರೆ ವ್ಯರ್ಥವಾಯಿತೆಂದು ಕೊರಗುತ್ತೇವೆ. ಇದು ಸಹಜ, ಆಸೆಗೆ ಒಂದು ವಿಳಾಸ ಬೇಕಲ್ಲ! ಸಂಗೀತ ಕಲಿತು ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರು ತಂಬೂರಿಯ ಮೇಲಿನ ಧೂಳನ್ನು ನೆನೆದು ನಿಟ್ಟುಸಿರಿಡುತ್ತಾರೆ. ಕಿವಿ ಮಂದವಾದ ವೃದ್ಧರೊಬ್ಬರಿಗೆ ಅದೇ ಲೆಕ್ಕವನ್ನು ಮೂರನೆಯ ಬಾರಿ ಹೇಳುವಾಗಲೂ ತಮ್ಮ ಶ್ರುತಿ ಏರದಿರುವುದನ್ನು ಗಮನಿಸುವುದಿಲ್ಲ.

ಕೈಬಿಟ್ಟೆನೆಂದು ಮರುಗುವ ವಿದ್ಯೆಯೊಂದು ನಿಮ್ಮಲ್ಲಿಯೂ ಇರಬಹುದು. ಇಂದಿನ ಕೆಲಸಗಳ ನಡುವೆ ಅದು ಎಲ್ಲಾದರೂ ಸುಳಿಯುತ್ತದೆಯೇ, ನೋಡಿ.