ಜೇಬಿನಲ್ಲಿ ಕುಳಿತ ನೆನಪು

ಅಮೆರಿಕದ ಎಂಜಿನಿಯರ್ ಜೆಫ್ ಹಾಕಿನ್ಸ್ ಅಂಗಿ ಜೇಬಿಗೆ ಹಿಡಿಸುವಷ್ಟು ಅಳತೆಯ ಒಂದು ಮರದ ತುಂಡನ್ನು ಇಟ್ಟುಕೊಂಡು ಓಡಾಡುತ್ತಿದ್ದರು. ಮುಂದಿನ ವಾರ ಬಿಡುವಿದೆಯೇ ಎಂದು ಯಾರಾದರೂ ಕೇಳಿದರೆ ಅದನ್ನು ಹೊರತೆಗೆದು, ಅದರ ಮೇಲೆ ಕಡ್ಡಿಯಿಂದ ಬರೆದಂತೆ ನಟಿಸುವರು. ಎದುರಿಗಿದ್ದವರು ಏನಂದುಕೊಂಡರೋ! ಆ ಮರದ ತುಂಡೇ 1996ರಲ್ಲಿ ‘ಪೈಲಟ್’ ಎಂಬ ಹೆಸರಿನ ಅಂಗೈ ಕಂಪ್ಯೂಟರಾಗಿ ಅಂಗಡಿಗೆ ಬಂತು. ಜನ ಪಾಮ್ ಪೈಲಟ್ ಎಂದೇ ಕರೆದರು. ಮೊದಲ ಮಾದರಿಯ ಬೆಲೆ 299 ಡಾಲರ್, ಮೆಮೊರಿ ಬರೀ 128 ಕಿಲೋಬೈಟ್. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸದು.

ಆದರೂ ಕೆಲಸಗಾರರಿಗೆ ಅಷ್ಟೇ ಸಾಕಾಯಿತು. ವಿಳಾಸ, ಫೋನ್ ನಂಬರು, ಭೇಟಿಯ ಸಮಯ, ಮುಗಿಸಬೇಕಾದ ಕೆಲಸಗಳ ಪಟ್ಟಿ. ಅಮೆರಿಕದ ವೈದ್ಯರು ಎಪೋಕ್ರಟೀಸ್ ಎಂಬ ತಂತ್ರಾಂಶ ಹಾಕಿಕೊಂಡು, ರೋಗಿಯ ಹಾಸಿಗೆಯ ಪಕ್ಕದಲ್ಲೇ ನಿಂತು ಔಷಧದ ಪ್ರಮಾಣ ನೋಡಿಕೊಂಡರು. ಯಂತ್ರಕ್ಕೆ ನಮ್ಮ ಕೈಬರಹ ತಿಳಿಯದು. ‘ಗ್ರಾಫಿಟಿ’ ಎಂಬ ಅದರದೇ ಲಿಪಿ ಇತ್ತು, ಅದರಲ್ಲಿ ಇಂಗ್ಲಿಷಿನ ‘ಎ’ ಅಕ್ಷರಕ್ಕೆ ನಡುವಿನ ಅಡ್ಡಗೆರೆ ಇರಲಿಲ್ಲ. ಯಂತ್ರಕ್ಕೆ ಅಕ್ಷರ ಕಲಿಸುವ ಬದಲು ಅದರಿಂದಲೇ ಮನುಷ್ಯ ಹೊಸದಾಗಿ ಅಕ್ಷರಾಭ್ಯಾಸ ಮಾಡಿಸಿಕೊಂಡ.

ಅದರೊಳಗಿದ್ದದ್ದು ಎರಡು ಸಣ್ಣ ಪೆನ್ಸಿಲ್ ಸೆಲ್. ಅವು ಪೂರ್ತಿ ಸತ್ತು, ಹೊಸವನ್ನು ಹಾಕುವುದು ತಡವಾದರೆ ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು. ಕಂಪ್ಯೂಟರಿಗೆ ನಕಲಿಸಿಟ್ಟಿದ್ದರೆ ಬಚಾವ್. ಇಲ್ಲದಿದ್ದರೆ ಆ ಮನುಷ್ಯ ಕಳೆದುಕೊಂಡದ್ದು ಒಂದು ವಸ್ತುವನ್ನೋ, ತನ್ನ ನೆನಪನ್ನೋ?

ನೆನಪನ್ನೇ ಎನ್ನುತ್ತಿದ್ದರು ತತ್ವಜ್ಞಾನಿಗಳಾದ ಆಂಡಿ ಕ್ಲಾರ್ಕ್ ಮತ್ತು ಡೇವಿಡ್ ಚಾಮರ್ಸ್. 1998ರ ಅವರ ಪ್ರಬಂಧದಲ್ಲಿ ಆಟೊ ಎಂಬ ಕಲ್ಪಿತ ಮನುಷ್ಯನಿದ್ದಾನೆ. ಮರೆವಿನ ಕಾಯಿಲೆ ಇರುವ ಅವನು ನ್ಯೂಯಾರ್ಕಿನ ವಸ್ತುಸಂಗ್ರಹಾಲಯದ ವಿಳಾಸವನ್ನು ನೋಟ್‌ಬುಕ್ ನೋಡಿ ತಿಳಿಯುತ್ತಾನೆ. ಇಂಗಾ ಎಂಬವಳು ತಲೆಯೊಳಗೇ ಹುಡುಕಿ ತಿಳಿಯುತ್ತಾಳೆ. ಪುಸ್ತಕ ಸದಾ ಕೈಗೆಟುಕುವಂತಿದ್ದು, ಅದರಲ್ಲಿರುವುದನ್ನು ಅವನು ಅನುಮಾನಿಸದೆ ನಂಬುವುದಾದರೆ ಅದೂ ಅವನ ಮನಸ್ಸಿನ ಭಾಗವೇ ಎಂಬುದು ಅವರ ವಾದ.

ನಮ್ಮ ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ಇದನ್ನು ಅಷ್ಟು ಸುಲಭವಾಗಿ ಒಪ್ಪುತ್ತಿರಲಿಲ್ಲ. ತರ್ಕಸಂಗ್ರಹದ ಅನ್ನಂಭಟ್ಟನ ಪ್ರಕಾರ ಸ್ಮೃತಿ ಹುಟ್ಟುವುದು ಕೇವಲ ಸಂಸ್ಕಾರದಿಂದ, ಅಂದರೆ ಹಿಂದಿನ ಅನುಭವ ಆತ್ಮದಲ್ಲಿ ಉಳಿಸಿಹೋದ ಗುರುತಿನಿಂದ. ಆ ಸಂಸ್ಕಾರ ಮಲಗಿರುತ್ತದೆ, ಅದನ್ನು ಎಬ್ಬಿಸುವುದಕ್ಕೆ ಉದ್ಬೋಧಕ ಬೇಕು. ನ್ಯಾಯಸೂತ್ರದಲ್ಲಿ ಹೀಗೆ ಎಬ್ಬಿಸುವ ಕಾರಣಗಳ ಉದ್ದನೆಯ ಪಟ್ಟಿಯೇ ಇದೆ: ಅಭ್ಯಾಸ, ಚಿಹ್ನೆ, ಸಾದೃಶ್ಯ, ಸುಖ, ದುಃಖ, ಭಯ. ಕಿಣಿಕಿಣಿ ಎನ್ನುವ ಪೈಲಟ್ಟಿಗೂ ಆ ಪಟ್ಟಿಯಲ್ಲಿ ಒಂದು ಜಾಗ ಸಿಗುತ್ತಿತ್ತು, ಅದಕ್ಕಿಂತ ಮೇಲಿನದಲ್ಲ.

ನೈಯಾಯಿಕರ ವಾದದಲ್ಲಿ ಹುರುಳಿದೆ. ವಕೀಲರೊಬ್ಬರ ಯಂತ್ರದಲ್ಲಿ ‘ಗುರುವಾರ 11, ರಾಮಣ್ಣ, ನೀಲಿ ಫೈಲು’ ಎಂದಿದೆ ಎನ್ನೋಣ. ಓದಿದ ಕೂಡಲೇ ಕಕ್ಷಿದಾರನ ಮುಖ, ಅವನ ತಕರಾರು, ಬಾಕಿ ಫೀಸು ಎಲ್ಲ ಅವರ ಕಣ್ಣಮುಂದೆ ಬರುತ್ತವೆ. ಅದೇ ಸಾಲು ಗುಮಾಸ್ತನಿಗೆ ಬರೀ ಸುದ್ದಿ. ಎರಡು ವರ್ಷ ಕಳೆದು ವಕೀಲರೇ ಓದಿದರೆ ‘ಯಾವ ರಾಮಣ್ಣ?’ ಎಂದು ತಲೆ ಕೆರೆದುಕೊಳ್ಳಬೇಕಾದೀತು. ಒಂದು ಅಕ್ಷರವೂ ಅಳಿಸಿಲ್ಲ, ನೆನಪು ಮಾತ್ರ ಹೋಗಿದೆ. ಬರೆದದ್ದೇ ನೆನಪಾಗಿದ್ದರೆ ಹೀಗಾಗಬಾರದಿತ್ತು. ಆಟೊನ ಉದಾಹರಣೆ ಗೆಲ್ಲುವುದು ಅದು ಬರೀ ವಿಳಾಸ ಆದ್ದರಿಂದ; ವಿಳಾಸಕ್ಕೆ ಅನುಭವದ ಹಂಗಿಲ್ಲ.

ಇದು ಪಂಡಿತರ ಹರಟೆಯಾಗಿ ಉಳಿದಿಲ್ಲ. ಪೈಲಟ್ ಮೂಲೆ ಸೇರಿ, ಅದರ ಕೆಲಸವನ್ನೆಲ್ಲ ಮೊಬೈಲ್ ನುಂಗಿದ ಮೇಲೆ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದೆ. ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೇನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದಿತು. ತಲೆಯೊಳಗೆ ಬಲವಂತದ ಪ್ರವೇಶವಿಲ್ಲ ಎಂದಾಯಿತು. ಹಾಗಾದರೆ ಜೇಬಿನೊಳಗೆ? ಕ್ಲಾರ್ಕ್ ಮತ್ತು ಚಾಮರ್ಸ್ ಹೇಳಿದ್ದು ಸರಿಯಾದರೆ ಎರಡಕ್ಕೂ ಒಂದೇ ಕಾನೂನು ಬೇಕು.

ಕರ್ನಾಟಕ ಹೈಕೋರ್ಟ್ ಹಾಗೆ ನೋಡಲಿಲ್ಲ. 2021ರ ಒಂದು ತೀರ್ಪಿನಲ್ಲಿ, ಆರೋಪಿಯ ಒಪ್ಪಿಗೆಯಿಲ್ಲದ ಸುಳ್ಳುಪತ್ತೆ ಪರೀಕ್ಷೆ ಸಲ್ಲದು ಎಂದಿತು. ಮೊಬೈಲಿನ ಪಾಸ್‌ವರ್ಡ್ ಕೊಡುವುದು ಮಾತ್ರ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದೂ ಅದೇ ತೀರ್ಪು ಹೇಳಿದೆ.