ನಂಬಿಕೆ ಇದ್ರೆ ಎಣಿಸಬಾರದಾ?

ನಮ್ಮಲ್ಲಿ ಲೆಕ್ಕ ಕೇಳೋದು ಅಂದ್ರೆ ಸಂಬಂಧ ಕೆಡಿಸಿಕೊಳ್ಳೋದು ಅಂತಲೇ ಅರ್ಥ. ಗೆಳೆಯರ ಜತೆ ಟ್ರಿಪ್ ಹೋಗಿ ಬಂದ ಮೇಲೆ, ಖರ್ಚು ಮಾಡಿದವನ ಹತ್ತಿರ ಬಿಲ್ ಕೇಳಿ ನೋಡಿ. "ಯಾಕಪ್ಪಾ, ನನ್ ಮೇಲೆ ನಂಬಿಕೆ ಇಲ್ವಾ?" ಅನ್ನೋ ಮಾತು ಬಂದೇ ಬರುತ್ತೆ. ಊರಲ್ಲಿ ಜಾತ್ರೆಗೆ ಚಂದಾ ಎತ್ತಿದವರನ್ನು ಲೆಕ್ಕ ಕೇಳಿದವನು ಮುಂದಿನ ಜಾತ್ರೆಯವರೆಗೂ ಜನರ ಬಾಯಿಗೆ ಬೀಳುತ್ತಾನೆ. ನಂಬಿಕೆ ಇರೋ ಕಡೆ ಲೆಕ್ಕ ಬೇಡ, ಲೆಕ್ಕ ಕೇಳಿದರೆ ನಂಬಿಕೆ ಇಲ್ಲ ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ದೀವಿ.

ಈ ತೀರ್ಮಾನ ತಪ್ಪು ಅಂತ ನನ್ನ ವಾದ. ಇದರ ಬೆಲೆ ಎಷ್ಟಾಗಬಹುದು ಅನ್ನೋದಕ್ಕೆ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕತೆಯನ್ನು ಇನ್ನೊಮ್ಮೆ ನೋಡಬೇಕು. ಆಗ ನಾನು ಬಿಇ ಓದ್ತಾ ಇದ್ದೆ. ನಮಗೆಲ್ಲ ಇದ್ದಿದ್ದು ಪ್ಲೇಸ್‌ಮೆಂಟ್ ಚಿಂತೆ ಒಂದೇ. ಆ ಹಗರಣದ ವಿವರಗಳನ್ನು ಕೂತು ಓದಿದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆದಮೇಲೆ.

2009ರ ಜನವರಿ 7ರಂದು ಕಂಪನಿಯ ಅಧ್ಯಕ್ಷ ಬಿ. ರಾಮಲಿಂಗ ರಾಜು ತಮ್ಮ ಆಡಳಿತ ಮಂಡಳಿಗೆ ಒಂದು ಪತ್ರ ಬರೆದರು. ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಹಣ ಅಂತ ತೋರಿಸಿದ್ದ 5,361 ಕೋಟಿ ರೂಪಾಯಿಯಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಅಂತ ಅದರಲ್ಲಿ ಒಪ್ಪಿಕೊಂಡಿದ್ದರು. ಚಿಕ್ಕದಾಗಿ ಶುರುವಾದ ಅಂತರ ವರ್ಷದಿಂದ ವರ್ಷಕ್ಕೆ ಬೆಳೀತು, ಕೊನೆಗೆ ಹುಲಿ ಮೇಲೆ ಕೂತವನ ಹಾಗಾಯ್ತು, ಇಳಿದರೆ ಅದೇ ತಿಂದುಹಾಕುತ್ತೆ ಅನ್ನೋ ಅರ್ಥದ ಮಾತು ಅದರಲ್ಲಿತ್ತು. ಅವತ್ತು ಒಂದೇ ದಿನ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. ತಮಾಷೆ ಏನಂದ್ರೆ, ಕೆಲವೇ ತಿಂಗಳ ಹಿಂದೆ ಉತ್ತಮ ಕಾರ್ಪೊರೇಟ್ ಆಡಳಿತಕ್ಕಾಗಿ ಇದೇ ಕಂಪನಿಗೆ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು.

ಇಲ್ಲಿ ನನ್ನನ್ನು ಕಾಡೋದು ರಾಜು ಅಲ್ಲ. ಸುಳ್ಳು ಹೇಳೋನು ಸುಳ್ಳು ಹೇಳಿದ, ಅದರಲ್ಲಿ ಯೋಚನೆ ಮಾಡೋಕೆ ಹೆಚ್ಚೇನಿಲ್ಲ. ಕಾಡೋದು ಅದನ್ನು ಪರೀಕ್ಷೆ ಮಾಡಿ ಸಹಿ ಹಾಕಬೇಕಾಗಿದ್ದವರು. ಗೋದಾಮಿನಲ್ಲಿರೋ ಮಾಲನ್ನು ಎಣಿಸೋದು ಕಷ್ಟ, ಒಂದು ಸಾಫ್ಟ್‌ವೇರ್‌ಗೆ ಬೆಲೆ ಕಟ್ಟೋದು ಇನ್ನೂ ಕಷ್ಟ. ಆದರೆ ಬ್ಯಾಂಕಿನಲ್ಲಿ ದುಡ್ಡು ಇದೆಯಾ ಇಲ್ವಾ ಅಂತ ತಿಳಿಯೋಕೆ ಬ್ಯಾಂಕನ್ನು ಕೇಳಿದರೆ ಸಾಕು. ಆಡಿಟ್‌ನಲ್ಲಿ ಇದಕ್ಕೊಂದು ಹಳೇ ಕ್ರಮವೇ ಇದೆ. ಆಡಿಟರ್ ತಾನೇ ಬ್ಯಾಂಕಿಗೆ ಪತ್ರ ಕಳಿಸಬೇಕು, ಉತ್ತರ ನೇರವಾಗಿ ತನ್ನ ಕೈಗೇ ಬರಬೇಕು. ಸತ್ಯಂ ವಿಷಯದಲ್ಲಿ ಪ್ರೈಸ್ ವಾಟರ್‌ಹೌಸ್‌ನ ಭಾರತೀಯ ಸಂಸ್ಥೆಗಳು ಈ ಪತ್ರ ವ್ಯವಹಾರವನ್ನು ಕಂಪನಿಯವರ ಕೈಗೇ ಬಿಟ್ಟಿದ್ದವು ಅಂತ ಅಮೆರಿಕದ ನಿಯಂತ್ರಕರು 2011ರಲ್ಲಿ ಹೇಳಿದರು. ಯಾರನ್ನು ಪರೀಕ್ಷೆ ಮಾಡಬೇಕೋ ಅವರ ಕೈಗೇ ಪ್ರಶ್ನೆಪತ್ರಿಕೆ, ಅವರ ಕೈಯಿಂದಲೇ ಉತ್ತರ! ಆ ಸಂಸ್ಥೆಗಳು ತಪ್ಪನ್ನು ಒಪ್ಪದೆ, ಅಲ್ಲಗಳೆಯದೆ ಒಟ್ಟು 75 ಲಕ್ಷ ಡಾಲರ್ ದಂಡ ಕಟ್ಟಿದವು. 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಸೇರಿ ಹತ್ತು ಜನರಿಗೆ ಶಿಕ್ಷೆ ವಿಧಿಸಿತು. ಅವರಲ್ಲಿ ಇಬ್ಬರು ಆಡಿಟರ್‌ಗಳಿದ್ದರು. ಮೇಲ್ಮನವಿ ಹಾಕಿ ಮರುತಿಂಗಳೇ ರಾಜು ಜಾಮೀನು ಪಡೆದರು, ಅದು ಬೇರೆ ಮಾತು.

ಅಷ್ಟು ದೊಡ್ಡ ಕಂಪನಿ, ಅಷ್ಟು ಗೌರವಸ್ಥ ಮನುಷ್ಯ, ಅನುಮಾನ ಪಡೋದು ಹೇಗೆ ಅಂತ ಕೇಳಬಹುದು. ನೋಡಿ, ಇದು ಟ್ರಿಪ್ ಬಿಲ್ಲಿನ ಮಾತೇ. "ನಂಬಿಕೆ ಇಲ್ವಾ?"

ಈ ಪ್ರಶ್ನೆಗೆ ಒಳ್ಳೇ ಉತ್ತರ ಸಿಕ್ಕಿದ್ದು ನಮ್ಮೂರಲ್ಲಿ. ಅವ್ವ ಇರೋ ಸ್ತ್ರೀಶಕ್ತಿ ಸಂಘದಲ್ಲಿ ವಾರಕ್ಕೊಮ್ಮೆ ಉಳಿತಾಯದ ದುಡ್ಡು ಸೇರುತ್ತೆ. ಎಲ್ಲರ ಎದುರಿಗೆ ಎಣಿಸ್ತಾರೆ, ಪುಸ್ತಕದಲ್ಲಿ ಬರೆದಿದ್ದನ್ನು ಗಟ್ಟಿಯಾಗಿ ಓದ್ತಾರೆ, ಓದೋಕೆ ಬಾರದವರೂ ಕಿವಿಗೊಟ್ಟು ಕೇಳ್ತಾರೆ. ದುಡ್ಡು ಇಟ್ಟುಕೊಳ್ಳೋದು ನಮ್ಮ ಚಿಕ್ಕಮ್ಮನೇ. "ಚಿಕ್ಕಮ್ಮನ ಮೇಲೂ ಅನುಮಾನಾನಾ ಅವ್ವ?" ಅಂತ ರೇಗಿಸಿದೆ. ಅವ್ವ ನಗಲಿಲ್ಲ. "ಅನುಮಾನ ಯಾತಕ್ಕೆ? ನಾಳೆ ಯಾರಾನ ಅವಳ ಮೇಲೆ ಬೊಟ್ಟು ಮಾಡುದ್ರೆ, ನಾವೆಲ್ಲ ಕೂತು ಎಣಿಸೀವಿ ಅಂತ ಹೇಳಬೇಕಲ್ಲ" ಅಂದಳು.

ಲೆಕ್ಕ ಪರೀಕ್ಷೆಯನ್ನು ನಾವು ಕಳ್ಳನನ್ನು ಹಿಡಿಯೋ ಬಲೆ ಅಂದುಕೊಂಡಿದ್ದೀವಿ. ಅದರ ಮೊದಲ ಕೆಲಸ ಪ್ರಾಮಾಣಿಕರನ್ನು ಕಾಯೋದು. ಎಣಿಸದೇ ಇರೋ ಕಡೆ ಕಳ್ಳನೂ ಸಾಚಾನೂ ಒಂದೇ ಥರ ಕಾಣ್ತಾರೆ. ಸತ್ಯಂನಲ್ಲಿ ಸಾವಿರಾರು ಜನ ನಿಜವಾಗಿಯೂ ನಿದ್ದೆಗೆಟ್ಟು ಕೋಡ್ ಬರೆದಿದ್ದರು, ಸಪೋರ್ಟ್ ಕಾಲ್ ತೆಗೆದುಕೊಂಡಿದ್ದರು. ಆ ಜನವರಿಯಲ್ಲಿ ಅವರ ರೆಸ್ಯೂಮೆಯ ಮೇಲೂ ಮಸಿ ಬಿತ್ತು. ಯಾರೋ ಮರ್ಯಾದೆಗೆ ಅಂಜಿ ಕೇಳದೇ ಬಿಟ್ಟ ಒಂದು ಪ್ರಶ್ನೆಯ ಬಡ್ಡಿಯನ್ನು ಕಟ್ಟಿದ್ದು ಇವರು.

ಹಾಗಂತ ಕೇಳೋದು ಸುಲಭ ಅಲ್ಲ. ಚಿಕ್ಕಮ್ಮನ ದುಡ್ಡು ಎಣಿಸೋಕೆ ಅವ್ವನಿಗೆ ಚಿಕ್ಕಮ್ಮ ಸಂಬಳ ಕೊಡಲ್ಲ. ಆಡಿಟರ್‌ಗೆ ಫೀಸು ಕೊಡೋದು ಆಡಿಟ್ ಆಗಬೇಕಾದ ಕಂಪನಿಯೇ. ಅದಕ್ಕೇ 2013ರ ಕಂಪನಿ ಕಾಯ್ದೆಯಲ್ಲಿ ಲಿಸ್ಟೆಡ್ ಕಂಪನಿಗಳು ಒಂದೇ ಆಡಿಟ್ ಸಂಸ್ಥೆಯನ್ನು ಸತತ ಹತ್ತು ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಅಂತ ಬಂತು. 2018ರಲ್ಲಿ ಆಡಿಟರ್‌ಗಳ ಮೇಲೆ ಕಣ್ಣಿಡೋಕೆ ಎನ್‌ಎಫ್‌ಆರ್‌ಎ ಅನ್ನೋ ಪ್ರಾಧಿಕಾರ ಹುಟ್ಟಿತು. ಆದರೆ ಸ್ಥಳಕ್ಕೆ ಹೋಗಿ ವೋಚರ್ ನೋಡೋದು ಬಹಳ ಸಲ ಆರ್ಟಿಕಲ್‌ಶಿಪ್ ಮಾಡ್ತಿರೋ ಇಪ್ಪತ್ತೆರಡರ ಹುಡುಗಿ. ಆಡಿಟ್ ಲೋಕದಲ್ಲಿ 'ಸ್ಯಾಲಿ' ಅಂತ ಒಂದು ಜೋಕ್ ಇದೆ: ಸೇಮ್ ಆ್ಯಸ್ ಲಾಸ್ಟ್ ಇಯರ್. ಹೋದ ವರ್ಷದ ಫೈಲ್ ತೆಗೆ, ಅದೇ ಟಿಕ್ ಹಾಕು, ಮುಂದಿನ ಕ್ಲೈಂಟಿಗೆ ಹೊರಡು. ನಮ್ಮ ಕಡೆಯ ಎಲ್‌ಜಿಟಿಎಂ ಇದರ ತಂಗಿ. ಎರಡು ಸಾವಿರ ಸಾಲಿನ ಕೋಡ್, ಎರಡು ನಿಮಿಷದ ರಿವ್ಯೂ, "ಲುಕ್ಸ್ ಗುಡ್ ಟು ಮಿ".

ನಾವು ಸಾಫ್ಟ್‌ವೇರಿನವರು ಇದನ್ನೆಲ್ಲ ಸಿಎಗಳ ಸಮಸ್ಯೆ ಅಂತ ಬದಿಗಿಡುವ ಹಾಗೂ ಇಲ್ಲ. ಸತ್ಯಂನ ಇನ್‌ವಾಯ್ಸ್ ವ್ಯವಸ್ಥೆಯಲ್ಲಿ 'ಸೂಪರ್ ಯೂಸರ್' ಲಾಗಿನ್ ಬಳಸಿ 7,561 ನಕಲಿ ಇನ್‌ವಾಯ್ಸ್‌ಗಳನ್ನು ಸೃಷ್ಟಿಸಿದ್ದರು ಅಂತ ಸಿಬಿಐ ಹೇಳಿತು. ಒಂದೊಂದು ಇನ್‌ವಾಯ್ಸ್‌ಗೂ ಒಂದು ಗುರುತು: 'ಎಸ್' ಅಂದ್ರೆ ತೋರಿಸು, 'ಎಚ್' ಅಂದ್ರೆ ಬಚ್ಚಿಡು. ಇಂಥದ್ದೊಂದು ಕೆಲಸ ನಮ್ಮ ಡೆಸ್ಕಿಗೆ ಹೇಗೆ ಬರುತ್ತೆ ಅಂತ ಯೋಚಿಸಿ. ಮೋಸದ ಹಣೆಪಟ್ಟಿ ಕಟ್ಟಿಕೊಂಡು ಬರಲ್ಲ. "ಕೆಲವು ದಾಖಲೆ ಕೆಲವರಿಗೆ ಕಾಣಬಾರದು, ಒಂದು ಫ್ಲ್ಯಾಗ್ ಸೇರಿಸಿ" ಅಂತ ಒಂದು ಟಿಕೆಟ್ ಬರುತ್ತೆ, ಅಷ್ಟೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದಕ್ಕೆ ನ್ಯಾಯವಾದ ಕಾರಣವೇ ಇರುತ್ತೆ. ಹಾಗಿದ್ದರೆ ಬರೆದವನ ಜವಾಬ್ದಾರಿ ಎಷ್ಟು? ಫ್ಲ್ಯಾಗ್ ಬರೆದಿದ್ದು ತಪ್ಪಲ್ಲ ಅಂತ ನನ್ನ ಅಭಿಪ್ರಾಯ. "ಯಾರಿಂದ ಬಚ್ಚಿಡೋಕೆ?" ಅಂತ ಕೇಳೋದು ಮಾತ್ರ ಅವನ ಕೆಲಸದ ಭಾಗವೇ. ಉತ್ತರ ಸರಿ ಅನ್ನಿಸದಿದ್ದರೆ ಆ ಪ್ರಶ್ನೆ ಬಾಯಿಮಾತಲ್ಲಿ ಉಳಿಯಬಾರದು, ಟಿಕೆಟ್‌ನಲ್ಲೇ ದಾಖಲಾಗಬೇಕು.

2023ರ ಏಪ್ರಿಲ್ 1ರಿಂದ ನಮ್ಮ ದೇಶದ ಕಂಪನಿಗಳು ಬಳಸೋ ಅಕೌಂಟಿಂಗ್ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯನ್ನೂ ದಾಖಲು ಮಾಡಬೇಕು, ಆ ಎಡಿಟ್ ಲಾಗನ್ನು ಆಫ್ ಮಾಡೋ ಹಾಗಿರಬಾರದು ಅಂತ ನಿಯಮ ಬಂದಿದೆ. ಒಳ್ಳೇದೇ. ಆದರೆ ಲಾಗ್ ಬರೆಯೋದು ಯಂತ್ರ, ಓದೋದು ಮನುಷ್ಯ. ಓದಿ "ಇದೇನು?" ಅಂತ ಕೇಳೋನು ಇಲ್ಲದಿದ್ದರೆ ಅದು ಸರ್ವರ್‌ನಲ್ಲಿ ಜಾಗ ತಿನ್ನುತ್ತೆ, ಅಷ್ಟೇ.

ಮನೆ ಸಾಲದ ಇಎಂಐ ಕಟ್ಟುತ್ತಿರೋರಿಗೆ ಹೀರೋ ಆಗಿ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಅದು ಬೇಕಾಗಿಯೂ ಇಲ್ಲ. ಸಹಿ ಅಂದ್ರೆ "ನಾನು ನೋಡಿದೆ" ಅಂತ ಅರ್ಥ. ನೋಡದೇ ಇದ್ದಿದ್ದಕ್ಕೆ ಸಹಿ ಹಾಕಬೇಡಿ, ಅಪ್ರೂವ್ ಒತ್ತಬೇಡಿ; ಇಷ್ಟು ಮಾಡಿದರೂ ಸಾಕು. ಇನ್ನು ನೀವೇ ಮ್ಯಾನೇಜರ್ ಆಗಿದ್ದರೆ ನಿಮ್ಮ ಭಾಗ ಇನ್ನೂ ದೊಡ್ಡದು. ಮಾರ್ಚ್ ಮುಗಿದು ಆಡಿಟ್ ಶುರುವಾದಾಗ ಆ ಇಪ್ಪತ್ತೆರಡರ ಹುಡುಗಿ ಬಂದು "ಸರ್, ಈ ಎಫ್‌ಡಿ ಬಗ್ಗೆ ಬ್ಯಾಂಕಿಗೆ ನಾನೇ ನೇರವಾಗಿ ಬರೀಲಾ?" ಅಂತ ಕೇಳಿದರೆ ಮುಖ ಸಿಂಡರಿಸಬೇಡಿ. ಅಡ್ರೆಸ್ ಕೊಟ್ಟು, ಬರೆಯಮ್ಮ ಅನ್ನಿ.